ದೂರದ ಲೆಕ್ಕ, ಹೊಗೆಯ ಲೆಕ್ಕ

2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ನಡುವೆ ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲಿನಿಂದ ಸಾಗಿ, 11ರ ನಸುಕಿನಲ್ಲಿ ಬೆಂಗಳೂರು ತಲುಪಿತು. ಅದನ್ನು ನಡೆಸಿದವರು ಮಹಿಳಾ ಪೈಲಟ್‌ಗಳು. ಸಾಧನೆ ಪ್ರಶಂಸಾರ್ಹವೇ. ಆದರೆ ಅಂದು ಎಲ್ಲೆಡೆ ಕೇಳಿಬಂದ ದೂರ ಮತ್ತು ಅವಧಿ ಎಂಬ ಎರಡು ಅಂಕಿಗಳು ಆ ಪಯಣದ ಪೂರ್ಣ ಅಳತೆಯೇ?

ಮೊದಲು ದೂರ. ಗೋಡೆಯ ಭೂಪಟದಲ್ಲಿ ಅಳತೆಪಟ್ಟಿ ಇಟ್ಟರೆ ಉತ್ತರ ತಪ್ಪುತ್ತದೆ, ಏಕೆಂದರೆ ಭೂಮಿ ಗೋಳ. ಶಾಲೆಯ ಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿದರೆ, ಅದು ಉತ್ತರದ ಹಿಮಪ್ರದೇಶವನ್ನು ಹಾದುಬರುತ್ತದೆ. ಆ ದಾರದ ಅಳತೆ 13,990 ಕಿ.ಮೀ. ಆಸುಪಾಸು. ನೇರವಾಗಿ ಧ್ರುವದ ಮೇಲೆ ಹಾದರೆ ಸುಮಾರು 14,370 ಕಿ.ಮೀ. ಗಾಳಿ, ಹವಾಮಾನ, ಬಳಸಬಹುದಾದ ವಾಯುಮಾರ್ಗ ಇವುಗಳಿಗೆ ತಕ್ಕಂತೆ ವಿಮಾನ ಹಾರುವ ದೂರ ದಿನದಿನಕ್ಕೂ ಬದಲಾಗುತ್ತದೆ.

ಇನ್ನು ಕಾಲ. ಪ್ರಕಟಿತ ವೇಳೆಯಂತೆ ವಿಮಾನ ಹೊರಡಬೇಕಿದ್ದುದು 9ರ ರಾತ್ರಿ 8.30ಕ್ಕೆ, ತಲುಪಬೇಕಿದ್ದುದು 11ರ ಬೆಳಗಿನ ಜಾವ 3.45ಕ್ಕೆ. ಗಡಿಯಾರಗಳ ಅಂತರ 31 ಗಂಟೆ 15 ನಿಮಿಷ. ಎರಡೂ ಊರುಗಳ ಕಾಲವ್ಯತ್ಯಾಸವಾದ 13 ಗಂಟೆ 30 ನಿಮಿಷವನ್ನು ಕಳೆದರೆ ಉಳಿಯುವ ಪಯಣ 17 ಗಂಟೆ 45 ನಿಮಿಷ. ಗಾಳಿ ಬೆನ್ನಿಗಿದ್ದರೆ ಈ ಅವಧಿ ಕುಗ್ಗುತ್ತದೆ, ಎದುರಾದರೆ ಹಿಗ್ಗುತ್ತದೆ.

ಮಲೆನಾಡಿನ ಹಿರಿಯರು ದೂರವನ್ನು ಕೂಗಳತೆಯಲ್ಲಿ, ಹರದಾರಿಯಲ್ಲಿ ಹೇಳುತ್ತಿದ್ದರು. ಆದರೆ ತಲೆಹೊರೆ ಹೊತ್ತು ಘಟ್ಟ ಹತ್ತುವವರು ಹರದಾರಿಯೊಂದನ್ನೇ ಎಣಿಸುತ್ತಿರಲಿಲ್ಲ, ಹೊರೆಯನ್ನೂ ಎಣಿಸುತ್ತಿದ್ದರು. ವಿಮಾನಯಾನದ ಲೆಕ್ಕದಲ್ಲಿ ಮರೆಯಾಗುವುದು ಈ ಹೊರೆಯೇ. ದೂರ ಹೆಚ್ಚಿದಷ್ಟೂ ಹೆಚ್ಚು ಇಂಧನ ತುಂಬಬೇಕು. ಆ ಇಂಧನವನ್ನು ಹೊರಲೆಂದೇ ಮತ್ತಷ್ಟು ಇಂಧನ ಉರಿಯಬೇಕು. ಒಂದು ಕಿಲೋ ವಿಮಾನ ಇಂಧನ ಉರಿದರೆ, ಗಾಳಿಯ ಆಮ್ಲಜನಕವೂ ಸೇರಿ, ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ.

ಈ ಹೊಗೆ ಯಾವ ದೇಶದ್ದು? 1997ರ ಕ್ಯೋಟೋ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಗಳ ಹೊಗೆಯನ್ನು ದೇಶಗಳ ಗುರಿಯೊಳಗೆ ಸೇರಿಸದೆ, ಅದರ ಹೊಣೆಯನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ಬಿಟ್ಟಿತು. ಆ ಸಂಸ್ಥೆ 2016ರಲ್ಲಿ ರೂಪಿಸಿದ ವ್ಯವಸ್ಥೆಯೂ ನಿಗದಿತ ಮಟ್ಟವನ್ನು ಮೀರಿದ ಹೊಗೆಗೆ ಮಾತ್ರ ಪರಿಹಾರ ಕೇಳುತ್ತದೆ. ಪರಿಹಾರವೆಂದರೆ ಬೇರೆಲ್ಲೋ ಉಳಿತಾಯವಾದ ಹೊಗೆಯನ್ನು ಕೊಂಡು ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವುದು. ಉರಿದ ಇಂಧನ ಇದರಿಂದ ಮರಳಿ ಬಾರದು.

ದೂರದೇಶದಲ್ಲಿರುವ ಮಕ್ಕಳು ತಾಯ್ತಂದೆಯರನ್ನು ಕಾಣಲು ಬರಬಾರದೆಂದು ಯಾರೂ ಹೇಳಲಾರರು. ಮಲೆನಾಡಿನ ಅನೇಕ ಮನೆಗಳ ಬೆಳಕು ಆ ಭೇಟಿಯಲ್ಲಿದೆ. ಆದರೆ ಅವಶ್ಯವಾದ ಪಯಣಕ್ಕೂ ಲೆಕ್ಕ ಬೇಡವೇ? ಎರಡು ಗಂಟೆಯ ಸಭೆಗಾಗಿ ಅರ್ಧ ಭೂಗೋಳ ಸುತ್ತುವ ಪಯಣವನ್ನೂ, ವರ್ಷಗಳ ಬಳಿಕ ಮನೆಗೆ ಮರಳುವ ಪಯಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆ ವಿವೇಚನೆಗೆ ಮೊದಲು ಅಂಕಿ ಕಣ್ಣೆದುರಿಗಿರಬೇಕು. ಪ್ರತಿಯೊಂದು ಟಿಕೆಟ್‌ನಲ್ಲಿಯೂ ಪಯಣದ ಅವಧಿಯ ಪಕ್ಕದಲ್ಲೇ ಪ್ರಯಾಣಿಕನ ಪಾಲಿನ ಇಂಧನ ಮತ್ತು ಹೊಗೆಯ ಪ್ರಮಾಣವನ್ನು ನಮೂದಿಸುವುದು ಕಡ್ಡಾಯವಾಗಬೇಕು. ಆ ಹೊಗೆ ಹೊರಟ ದೇಶದ ಅಥವಾ ತಲುಪಿದ ದೇಶದ ಖಾತೆಗೆ ಸೇರಲೇಬೇಕು.

ಮಳೆಯ ಕಾಲಗತಿ ತಪ್ಪಿದಾಗ ನಷ್ಟ ಅನುಭವಿಸುವವರಲ್ಲಿ ಎಂದೂ ವಿಮಾನವೇರದ ಅಡಿಕೆ ಬೆಳೆಗಾರನೂ, ಗದ್ದೆಯ ಕೂಲಿಯೂ ಇದ್ದಾರೆ. ಹೊರೆ ಅವರ ಹೆಗಲಿಗೂ ಬೀಳುವುದಾದರೆ, ಅದರ ತೂಕವನ್ನು ಕೇಳುವ ಹಕ್ಕೂ ಅವರಿಗಿದೆ.