ಹಿಮ್ಮುಖ ಆಸನ: ಅಳತೆ ವಯಸ್ಸಿನದಲ್ಲ

ಹುಲೇಕಲ್ಲಿನ ಅಡಿಕೆ ಬೆಳೆಗಾರನಾಗಲಿ, ಶಿರಸಿ ಪೇಟೆಯ ವರ್ತಕನಾಗಲಿ, ಹೊಸ ಕಾರು ಕೊಂಡಾಗ ಸೀಟ್ ಕವರಿಗೂ ಮ್ಯೂಸಿಕ್ ಸಿಸ್ಟಮ್ಮಿಗೂ ಹಣ ತೆಗೆದಿಡುತ್ತಾನೆ. ಹಸುಗೂಸಿನ ಸ್ಥಾನ ಮಾತ್ರ ಸಾಮಾನ್ಯವಾಗಿ ತಾಯಿಯ ಮಡಿಲೇ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನದಿಂದ ಭದ್ರಪಡಿಸದೆ ವಾಹನ ಚಲಾಯಿಸಿದರೆ 1,000 ರೂಪಾಯಿ ದಂಡವಿದೆ. ಆದರೆ ಕಾರಿನ ಹಿಂಬದಿಗೆ ಮುಖ ಮಾಡಿಸಿದ ಮಗುವನ್ನು ಮುಂದಕ್ಕೆ ತಿರುಗಿಸುವುದೆಂದು ಎಂಬುದರ ಬಗ್ಗೆ ಆ ಕಲಮು ಮೌನವಾಗಿದೆ. ಹೀಗಾಗಿ ತೀರ್ಮಾನವು ಅಂಗಡಿಯ ಕೌಂಟರಿನಲ್ಲಿಯೇ ಆಗುತ್ತದೆ; "ವರ್ಷ ತುಂಬಿದ ಮೇಲೆ ತಿರುಗಿಸಿದರಾಯಿತು" ಎಂಬ ಮಾತಿನಲ್ಲಿ ವ್ಯಾಪಾರ ಮುಗಿಯುತ್ತದೆ.

ಈ ಮಾತು ಹಳತಾಗಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2011ರಲ್ಲಿ ಹಿಮ್ಮುಖದ ಅವಧಿಯನ್ನು 2 ವರ್ಷಕ್ಕೆ ಏರಿಸಿತು. 2018ರಲ್ಲಿ ವಯಸ್ಸನ್ನೇ ಕೈಬಿಟ್ಟು, ಆಸನದ ತಯಾರಕರು ನಮೂದಿಸಿದ ತೂಕ ಅಥವಾ ಎತ್ತರದ ಮಿತಿಯವರೆಗೆ ಹಿಮ್ಮುಖವೇ ಇರಲಿ ಎಂದಿತು. ಯುರೋಪಿನ ಆರ್129 ನಿಯಮದಲ್ಲಿ 15 ತಿಂಗಳು ಕನಿಷ್ಠ ಮಿತಿ. ಸ್ವೀಡನ್ನಿನಲ್ಲಂತೂ 4 ವರ್ಷದವರೆಗೂ ಹಿಮ್ಮುಖವಾಗಿ ಕೂರಿಸುವುದು ರೂಢಿ.

ಕಾರಣ ಸರಳವಾಗಿದೆ. ಶಿಶುವಿನ ತಲೆ ದೇಹದ ಪ್ರಮಾಣಕ್ಕೆ ಬಹಳ ಭಾರ. ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ಣ ಬಲಿತಿರುವುದಿಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಎದುರಿನ ಲಾರಿಗೆ ಕಾರು ಡಿಕ್ಕಿಯಾದರೆ, ಮುಮ್ಮುಖವಾಗಿ ಕುಳಿತ ಮಗುವಿನ ಹೆಗಲನ್ನು ಪಟ್ಟಿ ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹಿಮ್ಮುಖ ಆಸನದಲ್ಲಿ ಆ ಬಲವನ್ನು ಬೆನ್ನು, ಕುತ್ತಿಗೆ, ತಲೆಗಳು ಒಟ್ಟಾಗಿ ಹಂಚಿಕೊಳ್ಳುತ್ತವೆ. ಕಾಲು ಮಡಚುತ್ತದೆ ಎಂದು ಅಜ್ಜಿಯಂದಿರು ಮರುಗುವುದುಂಟು. ಮಡಚಿದ ಕಾಲಿನಿಂದ ಮಗುವಿಗೆ ತೊಂದರೆಯಿಲ್ಲ.

ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಬುಟ್ಟಿಯಾಕಾರದ ಶಿಶು ಆಸನ ಸಾಮಾನ್ಯವಾಗಿ 13 ಕಿಲೋವರೆಗೆ ಬರುತ್ತದೆ. ಎರಡೂ ಕಡೆ ತಿರುಗಿಸಬಹುದಾದ ಕೆಲವು ಆಸನಗಳು ಹಿಮ್ಮುಖವಾಗಿಯೇ 18 ಕಿಲೋ ತಾಳುತ್ತವೆ. ಬೆಲೆ ಹೆಚ್ಚೆಂದು ಕಂಡರೂ ಬಳಸುವ ವರ್ಷಗಳಿಂದ ಭಾಗಿಸಿದಾಗ ಎರಡನೆಯದೇ ಅಗ್ಗವಾಗುವುದುಂಟು. ಅಪಘಾತ ಕಂಡ ಆಸನವನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು, ಮಾರಲೂಬಾರದು.

ಮಾರುವವರು ಬಿಲ್ಲಿನ ಮೇಲೆ ಹಿಮ್ಮುಖದ ಮಿತಿಯನ್ನು ಕಿಲೋ ಮತ್ತು ಸೆಂಟಿಮೀಟರುಗಳಲ್ಲಿ ಬರೆದುಕೊಡುವ ಪದ್ಧತಿ ಆರಂಭಿಸಬೇಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನವನ್ನು ಎಂದಿಗೂ ಕಟ್ಟಬಾರದೆಂಬ ಒಂದು ಸಾಲನ್ನೂ ಅದರ ಕೆಳಗೆ ಸೇರಿಸಬೇಕು. ಉಬ್ಬುವ ಏರ್‌ಬ್ಯಾಗು ಅಪ್ಪಳಿಸುವುದು ನೇರವಾಗಿ ಮಗುವಿನ ತಲೆಯ ಹಿಂದಿನ ಆಸನದ ಬೆನ್ನಿಗೇ.