ಮೊದಲು ಬೆರಳು, ಆಮೇಲೆ ಸ್ಪ್ಯಾನರ್

ಮಕ್ಕಳೇ, ಸಾಗರದಿಂದ ತೀರ್ಥಹಳ್ಳಿಗೆ ಹೊರಟ ನನ್ನ ಹಳೆಯ ಮಾರುತಿ 800 ಹೊಸನಗರದ ಹತ್ತಿರ ಪಟಪಟ ಸದ್ದು ಮಾಡಿ ನಿಂತಿತು. ಒಂದು ಸ್ಪಾರ್ಕ್ ಪ್ಲಗ್ ಮೇಲೆದ್ದಿತ್ತು. ಎಷ್ಟು ತಿರುಗಿಸಿದರೂ ಬಿಗಿಯಾಗದು. "ನಿನ್ನೆ ನೀನು ಮುಟ್ಟಿದ್ದಕ್ಕೇ ಹೀಗಾಯ್ತು" ಎಂದು ಮೊಮ್ಮಗನನ್ನು ಗದರಿದೆ.

ಮೆಕ್ಯಾನಿಕ್ ನೋಡಿ, "ರಾಯರೇ, ಹೆಡ್ಡು ಮೆತ್ತಗಿನ ಅಲ್ಯೂಮಿನಿಯಂ, ಪ್ಲಗ್ಗು ಉಕ್ಕು. ಯಾರೋ ಓರೆಯಾಗಿ ಕೂರಿಸಿ ಬಿಗಿದಿದ್ದಾರೆ, ಥ್ರೆಡ್ ಹೋಗಿದೆ" ಎಂದ. ಬಿಗಿದವನು ನಾನು! ಹುಡುಗ ಟಾರ್ಚ್ ಹಿಡಿದಿದ್ದನಷ್ಟೆ.

ಆತ ಹೆಡ್ ಬಿಚ್ಚಿ, 14 ಮಿ.ಮೀ. ತೂತನ್ನು ತುಸು ದೊಡ್ಡದು ಮಾಡಿ, ಟ್ಯಾಪ್‌ನಿಂದ ಹೊಸ ಥ್ರೆಡ್ ಕೊರೆದು, ಒಳಗೆ ಸ್ಟೀಲ್ ತಂತಿಯ ಸುರುಳಿ ಕೂರಿಸಿದ. ಪ್ಲಗ್ ಆ ಸುರುಳಿಯೊಳಗೆ ಗಟ್ಟಿಯಾಗಿ ಕೂತಿತು. "ಮೊದಲು ಬೆರಳಲ್ಲೇ ತಿರುಗಿಸಿ. ತಡೆದರೆ ತೆಗೆದು ಮತ್ತೆ ಕೂರಿಸಿ. ಸ್ಪ್ಯಾನರ್ ಕೊನೆಗೆ" ಎಂದ.

"ತಪ್ಪು ನಂದೇ ಮಾರಾಯ" ಎಂದೆ ಮೊಮ್ಮಗನಿಗೆ. ಈಗ ಪ್ಲಗ್ ಹಾಕುವವನು ಅವನು. ಟಾರ್ಚ್ ನನ್ನ ಕೈಯಲ್ಲಿ.