ಬ್ಯಾಗು ಕಾಯುವ ಮಗು

ಆಟದ ಪೀರಿಯಡ್ಡಿಗೆ ಗಂಟೆ ಹೊಡೆದರೆ ಸಾಕು, ತರಗತಿಗೆ ತರಗತಿಯೇ ಮೈದಾನಕ್ಕೆ ಓಡುತ್ತದೆ. ಒಳಗೆ ಉಳಿಯುವುದು ಬೆಂಚು, ಬ್ಯಾಗು, ನೀರಿನ ಬಾಟಲಿ. ಮತ್ತು ಇವನ್ನೆಲ್ಲ ಕಾಯಲು ಒಂದು ಮಗು. ಜ್ವರದಿಂದ ಎದ್ದ ಮಗುವಾದರೆ ಎರಡು ದಿನ ಕೂತು ಮೂರನೆಯ ದಿನ ಕಣ್ಣು ತಪ್ಪಿಸಿ ಹೊರಗೆ ಓಡುತ್ತದೆ. ಕೈಮುರಿದ ಮಗುವಾದರೆ ಪಟ್ಟಿ ಬಿಚ್ಚುವವರೆಗೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಬಂದ ಮಗುವಿಗೆ ಮಾತ್ರ ಈ ಉದ್ಯೋಗ ಕಾಯಂ. ಇದಕ್ಕೆ ಯಾರೂ ಆದೇಶ ಹೊರಡಿಸಿರುವುದಿಲ್ಲ. ಅಪ್ಪ ಅಮ್ಮ, ಅಜ್ಜಿ, ಹೆಡ್‌ಮಿಸ್, ಪಿ.ಟಿ. ಮೇಷ್ಟರು ಎಲ್ಲರೂ ಸೇರಿ ದಯೆಯಿಂದ ಕೊಟ್ಟ ಕೆಲಸ ಅದು. ಆ ದಯೆಯ ಮೇಲೆ ನನಗೆ ಸ್ವಲ್ಪ ಜಗಳವಿದೆ.

ನಾನು ವೈದ್ಯೆಯಲ್ಲ. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷದಿಂದ ಇದೇ ಮೈಸೂರಿನಲ್ಲಿ ಕನ್ನಡ, ಸಮಾಜ ಪಾಠ ಹೇಳುತ್ತಿರುವವಳು. ಈ ಕಾಯಿಲೆಯಾಗಿ ಶಾಲೆಗೆ ಮರಳಿದ ಮೂವರು ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದಾರೆ. ಡಾಕ್ಟರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವ ಮಗುವನ್ನು ನಾವು ದಿನಕ್ಕೆ ಆರು ಗಂಟೆ ನೋಡುತ್ತೇವೆ. ಹಾಗೆ ನೋಡಿದ್ದನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ಕಣ್ಣಿಗೆ ಬೀಳುವುದು ಕೂದಲು ಹೋದದ್ದು, ಮುಖ ಊದಿಕೊಂಡದ್ದು. ಅದನ್ನು ಎಲ್ಲರೂ ಕಾಣುತ್ತಾರೆ, ಲೊಚಗುಟ್ಟುತ್ತಾರೆ. ಕೂದಲು ಮತ್ತೆ ಬರುತ್ತದೆ, ಮುಖದ ಊತ ಇಳಿಯುತ್ತದೆ, ಲೊಚಗುಟ್ಟುವುದೂ ನಿಲ್ಲುತ್ತದೆ. ಆಮೇಲೆ ಉಳಿಯುವುದನ್ನು ಯಾರೂ ನೋಡುವುದಿಲ್ಲ. ನನ್ನ ಆ ಹುಡುಗಿಗೆ (ಹೆಸರು ಬೇಡ, ಏಳನೆಯ ತರಗತಿ ಎಂದರೆ ಸಾಕು) ಹವಾಯಿ ಚಪ್ಪಲಿ ಕಾಲಿನಲ್ಲಿ ನಿಲ್ಲುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಕಳಚಿ ಹಿಂದೆ ಉಳಿಯುತ್ತಿತ್ತು. ಚಪಾತಿ ಲಟ್ಟಿಸುವ ಕಲ್ಲಿನ ಹಾಗೆ ಪಾದವನ್ನು ಪಟ್ ಪಟ್ ಎಂದು ನೆಲಕ್ಕೆ ಒಗೆದು ನಡೆಯುತ್ತಿದ್ದಳು. ಪ್ರಾರ್ಥನೆ ಮುಗಿದು ನೆಲದಿಂದ ಏಳುವಾಗ ಉಳಿದವರು ಚಂಗನೆ ಎದ್ದರೆ ಇವಳು ಮೊದಲು ಬೋರಲಾಗಿ, ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ, ತೊಡೆಯನ್ನೇ ಹತ್ತುವವಳಂತೆ ಏಳುತ್ತಿದ್ದಳು. ಎಂಬತ್ತು ವರ್ಷದ ನಮ್ಮ ಅತ್ತೆ ಏಳುತ್ತಿದ್ದದ್ದು ಹಾಗೆ.

ಇದು ಸೋಮಾರಿತನವಲ್ಲ, 'ಇನ್ನೂ ವೀಕ್‌ನೆಸ್ಸು' ಎಂಬ ಒಂದೇ ಮಾತಿನಲ್ಲಿ ಮುಗಿಸುವಂಥದೂ ಅಲ್ಲ. ಪ್ರತಿಯೊಂದಕ್ಕೂ ಕಾರಣವಿದೆ. ಈ ಕಾಯಿಲೆಗೆ ಕೊಡುವ ಮುಖ್ಯ ಔಷಧಿಗಳಲ್ಲಿ ವಿನ್‌ಕ್ರಿಸ್ಟೀನ್ ಒಂದು. ನಮ್ಮ ಕಾಂಪೌಂಡುಗಳಲ್ಲಿ ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ಬಂದದ್ದು ಅದು. ಕ್ಯಾನ್ಸರ್ ಕಣವನ್ನು ಕೊಲ್ಲುತ್ತದೆ, ಜೊತೆಗೆ ನರಗಳನ್ನೂ ಸವೆಸುತ್ತದೆ. ಉದ್ದದ ನರಗಳಿಗೆ ಮೊದಲು ಪೆಟ್ಟು. ದೇಹದಲ್ಲಿ ಎಲ್ಲಕ್ಕಿಂತ ಉದ್ದದ ನರ ಪಾದಕ್ಕೆ ಹೋಗುವುದು. ಆದ್ದರಿಂದಲೇ ಪಾದದ ಮುಂಭಾಗ ಮೇಲೇಳುವುದಿಲ್ಲ, ಚಪ್ಪಲಿ ನಿಲ್ಲುವುದಿಲ್ಲ. ಇನ್ನೊಂದು ಸ್ಟೀರಾಯ್ಡ್. ಅದು ತೊಡೆ, ಸೊಂಟದ ಮಾಂಸಖಂಡವನ್ನು ಕರಗಿಸುತ್ತದೆ, ಮೂಳೆಯನ್ನು ಟೊಳ್ಳು ಮಾಡುತ್ತದೆ, ಮೇಲೆ ವಿಪರೀತ ಹಸಿವು ಹುಟ್ಟಿಸುತ್ತದೆ. ಮತ್ತೊಂದು ಕೆಂಪು ಬಣ್ಣದ ಔಷಧಿ. ಅದರಿಂದ ಮುಂದೆಂದಾದರೂ ಹೃದಯಕ್ಕೆ ಆಯಾಸವಾಗಬಹುದೆಂದು ವರ್ಷಗಟ್ಟಲೆ ಎಕೋ ಮಾಡಿಸಿ ನೋಡುತ್ತಾರೆ. ಒಟ್ಟು ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೂಳೆ ತುಂಬಿಕೊಳ್ಳಬೇಕಾದ, ಮೈ ಬಲಿಯಬೇಕಾದ ವಯಸ್ಸಿನ ಎರಡು ಮೂರು ವರ್ಷ.

ಈಗ ನೀವೇ ಹೇಳಿ. ಕರಗಿದ ಮಾಂಸಖಂಡ ಬೆಂಚಿನ ಮೇಲೆ ಕೂತರೆ ಬೆಳೆಯುತ್ತದೆಯೇ? ಭಾರ ಬಿದ್ದರೆ ತಾನೇ ಮೂಳೆ ಗಟ್ಟಿಯಾಗುವುದು? ಔಷಧಿ ಮಾಡಿದ ನಷ್ಟ ಒಂದು ಪಾಲಾದರೆ, ಆಮೇಲೆ ನಾವು ಕೂರಿಸಿ ಮಾಡುವ ನಷ್ಟ ಇನ್ನೊಂದು ಪಾಲು. ಮೊದಲನೆಯದು ಪ್ರಾಣಕ್ಕಾಗಿ ತೆತ್ತ ಬೆಲೆ. ಎರಡನೆಯದು ಯಾತಕ್ಕಾಗಿ?

ಈ ಕೂರಿಸುವ ಬುದ್ಧಿ ಎಲ್ಲಿಂದ ಬಂತೆಂದು ಯೋಚಿಸಿದರೆ ನಮ್ಮೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಸ್ಯಾನಟೋರಿಯಂ ನೆನಪಾಗುತ್ತದೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಕ್ಷಯಕ್ಕೆ ಸರಿಯಾದ ಔಷಧಿ ಇಲ್ಲದ ಕಾಲದಲ್ಲಿ ಹಾಸಿಗೆಯೇ ಔಷಧಿ. ಗಾಳಿ, ಬೆಳಕು, ಹಾಲು, ಮೊಟ್ಟೆ, ಅಲುಗಾಡದ ವಿಶ್ರಾಂತಿ. ನಮ್ಮ ಅಜ್ಜಿಯಂದಿರ ತಲೆಯಲ್ಲಿ ದೊಡ್ಡ ಕಾಯಿಲೆ ಎಂದರೆ ಇವತ್ತಿಗೂ ಆ ಚಿತ್ರವೇ. ಆದರೆ 1950ರ ದಶಕದಲ್ಲೇ ಮದ್ರಾಸಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ ಮಲಗಿಸಿ, ಇನ್ನು ಕೆಲವರಿಗೆ ಅವರವರ ಇಕ್ಕಟ್ಟಾದ ಮನೆಯಲ್ಲೇ ಔಷಧಿ ಕೊಟ್ಟು ಹೋಲಿಸಿದರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಗುಣವಾಗಲು ಬೇಕಾದದ್ದು ಔಷಧಿ, ಹಾಸಿಗೆಯಲ್ಲ. ಜಗತ್ತು ಆ ಪಾಠವನ್ನು ನಮ್ಮ ಪಕ್ಕದೂರಿನಿಂದ ಕಲಿಯಿತು. ಕಲಿಯದೆ ಉಳಿದವರು ನಾವು.

ರಕ್ತದ ಕ್ಯಾನ್ಸರಿನ ಮಾತಿಗೆ ಬಂದರೆ, ಆಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಹಿಂದೆ ಇರಲಿಲ್ಲ, ಏಕೆಂದರೆ ಮಕ್ಕಳು ಉಳಿಯುತ್ತಿರಲಿಲ್ಲ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಒಂದು ಔಷಧಿಯಿಂದ ಈ ಮಕ್ಕಳ ರೋಗ ಸ್ವಲ್ಪ ಕಾಲವಾದರೂ ಹಿಂದೆ ಸರಿಯಿತೆಂದು ಬರೆದರು. ಆ ಔಷಧಿಯ ಹಿಂದೆ ಇದ್ದವರು ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ನಾನು ಹುಡುಕಿದಷ್ಟೂ ಸಿಗಲಿಲ್ಲ. ಇರಲಿ, ಅದು ಬೇರೆ ಜಗಳ. ಅಲ್ಲಿಂದ ಮುಂದೆ ಒಂದು ಔಷಧಿಗೆ ನಾಲ್ಕು ಸೇರಿ ಇವತ್ತು ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ಸಾಮಾನ್ಯ ಬಗೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ರೋಗ ತಿಳಿಯುವುದು ತಡ, ನಡುವೆ ಸೋಂಕು, ದುಡ್ಡಿಲ್ಲದೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವವರು ಬೇರೆ. ಆದರೂ 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾದ ಮೇಲೆ ನಮ್ಮ ಕಡೆಯ ಬಡವರ ಮಕ್ಕಳಿಗೂ ಒಂದು ಬಾಗಿಲು ತೆರೆಯಿತು. ಬೆಳಗಿನ ರೈಲು ಹತ್ತಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹೋದ ತಾಯಂದಿರು ಎಷ್ಟು ಮಂದಿಯೋ. ಈಗ ಮೈಸೂರಿನಲ್ಲೂ ಕ್ಯಾನ್ಸರ್ ಚಿಕಿತ್ಸೆ ಸಿಗುತ್ತದೆ.

ಅಂದರೆ ಈ ಮಕ್ಕಳು ಬದುಕುತ್ತಾರೆ, ಸ್ವಾಮಿ. ಐವತ್ತು, ಅರವತ್ತು ವರ್ಷ ಬದುಕಬೇಕಾದವರು. ನಾವು ಮಾತ್ರ ಅವರನ್ನು ಇನ್ನೂ ಸಾಯುವ ಮಕ್ಕಳ ಹಾಗೆ ನೋಡಿಕೊಳ್ಳುತ್ತಿದ್ದೇವೆ.

ಮನೆಯಲ್ಲಿ ಏನಾಗುತ್ತದೆ ನೋಡಿ. ಹುಡುಗಿಯನ್ನು ಶಾಲೆಗೆ ಬಿಡಲು ಬರುತ್ತಿದ್ದ ಅಜ್ಜಿ ನನ್ನ ಕೈ ಹಿಡಿದು ಹೇಳಿದ್ದರು: "ಮಿಸ್ಸಮ್ಮಾ, ಪಾಠ ಬರದಿದ್ರೂ ಪರವಾಗಿಲ್ಲ. ಕೂಸನ್ನ ಬಿಸಿಲಿಗೆ ಬಿಡಬೇಡಿ, ಓಡಾಡಕ್ಕೆ ಬಿಡಬೇಡಿ." ಆ ಮನೆಯಲ್ಲಿ ಮಗುವಿಗೆ ನೀರಿನ ಲೋಟ ಕೂಡ ಕೈಗೇ ಬರುತ್ತಿತ್ತು. ಜೊತೆಗೆ ತುಪ್ಪ, ಬಾದಾಮಿ ಹಾಲು, ಬಂದ ನೆಂಟರು ತಂದ ಮೈಸೂರು ಪಾಕು, ಕೂತಲ್ಲಿಗೇ ಮೊಬೈಲು. ಚಿಕಿತ್ಸೆ ಮುಗಿಯುವ ಹೊತ್ತಿಗೆ ಮೈ ದಪ್ಪ, ಕಾಲು ಸಣ್ಣ. ಆ ಅಜ್ಜಿಯನ್ನು ನಾನು ಬೈಯಲಾರೆ. ಸಾವಿನ ಬಾಯಿಂದ ಎಳೆದು ತಂದ ಮಗುವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳಬೇಕೆನಿಸುವುದು ಸಹಜ. ನಾನು ಬೈಯುವುದು ಓದಿದವರನ್ನು, ಅಂದರೆ ನಮ್ಮನ್ನು.

ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದಾಗ ಹೆಡ್‌ಮಿಸ್ ಹೇಳಿದ್ದು ಒಂದೇ ವಾಕ್ಯ: "ಬಿದ್ದು ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಹೇಳಿ?" ಈ ಪ್ರಶ್ನೆಗೆ ನಮ್ಮ ಶಾಲೆಗಳಲ್ಲಿ ಬ್ರಹ್ಮಾಸ್ತ್ರದ ಬೆಲೆಯಿದೆ. ಪ್ರವಾಸ ನಿಲ್ಲಿಸುವುದಕ್ಕೆ ಇದೇ, ಪ್ರಯೋಗಶಾಲೆಗೆ ಬೀಗ ಹಾಕುವುದಕ್ಕೆ ಇದೇ. ನಾನು ಕೇಳಿದೆ: ಕೂತೂ ಕೂತೂ ಇಪ್ಪತ್ತಕ್ಕೇ ಮಂಡಿ ಹಿಡಿದರೆ, ಬಿ.ಪಿ. ಬಂದರೆ, ಅದಕ್ಕೆ ಯಾರು ಜವಾಬ್ದಾರಿ? ಅದು ನಮ್ಮ ರಿಜಿಸ್ಟರಿನಲ್ಲಿ ಬರುವುದಿಲ್ಲವಲ್ಲ, ಆದ್ದರಿಂದ ಯಾರೂ ಅಲ್ಲ. ಪಿ.ಟಿ. ಮೇಷ್ಟರು ಒಳ್ಳೆಯವರು, "ಬರೆದು ಕೊಟ್ರೆ ಆಡಿಸ್ತೀನಿ ಮೇಡಂ" ಎಂದರು. ಇನ್ನೊಬ್ಬರು, "ಹೆಣ್ಣು ಮಗು ತಾನೇ, ಆಟ ಆಡಿ ಏನಾಗಬೇಕು, ಓದಿಕೊಳ್ಳಲಿ" ಎಂದರು. ಅವರಿಗೆ ಉತ್ತರ ಕೊಡುವ ತಾಳ್ಮೆ ನನಗೆ ಆ ದಿನ ಇರಲಿಲ್ಲ, ಇವತ್ತೂ ಇಲ್ಲ.

ಬರೆದು ಕೊಡುವವರು ಯಾರು? ಇಲ್ಲಿಯೇ ನಿಜವಾದ ಗಂಟು. ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ತಂದ ಫೈಲನ್ನು ನಾನು ಪುಟಪುಟ ತಿರುವಿದ್ದೇನೆ. ಯಾವ ಆಸ್ಪತ್ರೆಯದೆಂಬುದು ಇಲ್ಲಿ ಮುಖ್ಯವಲ್ಲ. ಬಿಳಿ ಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಮಾತ್ರೆ ಅರ್ಧವೋ ಮುಕ್ಕಾಲೋ ಎಲ್ಲ ಇತ್ತು. ಮಗು ಓಡಬಹುದೇ, ಮೆಟ್ಟಿಲು ಹತ್ತಬಹುದೇ, ಖೊಖೊ ಆಡಬಹುದೇ ಎಂಬ ಒಂದು ಸಾಲು ಇರಲಿಲ್ಲ. ಬಾಯಲ್ಲಿ ಹೇಳಿದ್ದು 'ಹುಷಾರಾಗಿ ನೋಡಿಕೊಳ್ಳಿ' ಎಂದು. ನಮ್ಮ ಕಡೆ ಈ ಮಾತಿಗೆ ಮನೆಯವರು ಮಾಡಿಕೊಳ್ಳುವ ಅರ್ಥ ಒಂದೇ: ಕೂರಿಸಿ.

ಎಚ್ಚರ ಬೇಡವೆಂದು ನಾನು ಹೇಳುತ್ತಿಲ್ಲ. ಪ್ಲೇಟ್‌ಲೆಟ್ ತೀರಾ ಇಳಿದಿರುವಾಗ ಕಬಡ್ಡಿಯಾಗಲಿ ಗುದ್ದಾಟದ ಯಾವ ಆಟವಾಗಲಿ ಸಲ್ಲದು; ಒಳಗೆ ರಕ್ತ ಸೋರಬಹುದು. ಜ್ವರ ಬಂದರೆ ಆಟವಲ್ಲ, ಪಾಠವೂ ಬಿಟ್ಟು ಆಗಿಂದಾಗಲೇ ಆಸ್ಪತ್ರೆ. ಎದೆಗೆ ಕೊಳವೆ ಹಾಕಿದ್ದರೆ ಅದಕ್ಕೆ ಏಟು ಬೀಳಬಾರದು, ಈಜುಕೊಳದ ಮಾತನ್ನು ಡಾಕ್ಟರನ್ನು ಕೇಳದೆ ಎತ್ತಬಾರದು. ಸ್ಟೀರಾಯ್ಡಿನಿಂದ ಕೆಲವರಿಗೆ, ಅದರಲ್ಲೂ ಹತ್ತು ವರ್ಷ ದಾಟಿದವರಿಗೆ, ಸೊಂಟದ ಕೀಲಿನ ಮೂಳೆಗೆ ರಕ್ತ ಸಾಲದೆ ಅದು ಸಾಯುವುದುಂಟು. ಮಗು ಸೊಂಟವೋ ಮಂಡಿಯೋ ನೋವು ಎಂದು ಕುಂಟಿದರೆ 'ನೆಪ' ಎನ್ನದೆ ತೋರಿಸಬೇಕು, ಅಲ್ಲಿಯವರೆಗೆ ಜಿಗಿತ ನಿಲ್ಲಿಸಬೇಕು. ಕೆಂಪು ಔಷಧಿ ಪಡೆದವರು ಎಕೋ ತಪ್ಪಿಸಬಾರದು. ಇವೆಲ್ಲ ಇಂಥ ದಿನ ಇಂಥದು ಬೇಡ ಎನ್ನುವ ಮಾತುಗಳು. ಯಾವ ದಿನವೂ ಯಾವುದೂ ಬೇಡ ಎನ್ನುವ ಮಾತು ಇವುಗಳಲ್ಲಿ ಎಲ್ಲಿದೆ?

ತಿಳಿದವರು ಏನೆನ್ನುತ್ತಾರೆಂದೂ ನೋಡಿದೆ. ಕ್ಯಾನ್ಸರ್ ಆದ ಮಕ್ಕಳ ಚಲನವಲನದ ಬಗ್ಗೆ ಹಲವು ದೇಶಗಳ ತಜ್ಞರು ಸೇರಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿದ್ದಾರೆ. ಚಿಕಿತ್ಸೆ ನಡೆಯುತ್ತಿರುವಾಗಲೂ, ಮುಗಿದ ಮೇಲೂ, ಆ ಮಗುವಿಗೆ ತಕ್ಕ ಹಾಗೆ ಅಲುಗಾಡಿಸಿ ಎಂಬುದೇ ಅದರ ತಿರುಳು. ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಈ ಬಗ್ಗೆ ನಡೆದಿರುವ ಪರೀಕ್ಷೆಗಳು ಕಡಮೆ, ಸೇರಿಸಿಕೊಂಡ ಮಕ್ಕಳೂ ಕಡಮೆ. ಸಿಕ್ಕ ಲಾಭ ಪವಾಡದಂಥದಲ್ಲ; ಕಾಲಿನ ಬಲ ಸ್ವಲ್ಪ, ದಮ್ಮು ಸ್ವಲ್ಪ. ಆದರೆ ನೆಲದಿಂದ ಏಳಲು ತಿಣುಕುವ ಮಗುವಿಗೆ ಆ ಸ್ವಲ್ಪ ಎಷ್ಟೆಂದು ಗೊತ್ತೇ?

ಮೈಸೂರಿನವರಿಗೆ ಈ ಪಾಠ ಹೊರಗಿನಿಂದ ಬರಬೇಕಾಗಿ ಬಂದದ್ದು ವಿಚಿತ್ರ. 1934ರಲ್ಲಿ ಬೆಳ್ಳೂರಿನ ಒಬ್ಬ ಹುಡುಗ ಈ ಊರಿಗೆ ಬಂದ. ಇನ್‌ಫ್ಲುಯೆಂಜಾ, ಮಲೇರಿಯ, ಟೈಫಾಯ್ಡ್, ಕ್ಷಯ ಎಲ್ಲ ಅನುಭವಿಸಿ ಕೈಕಾಲು ಕಡ್ಡಿಯಾಗಿದ್ದ ಹುಡುಗ. ಇಲ್ಲಿದ್ದ ಅವನ ಭಾವ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯ ಗುರುಗಳು. ಪಾಪ, ರೋಗಿಷ್ಠ ಎಂದು ಅವನಿಗೆ ವಿದ್ಯಾರ್ಥಿಗಳ ಧೋತರ ಕಾಯುವ ಕೆಲಸ ಕೊಡಲಿಲ್ಲ. ಆ ಹುಡುಗನೇ ಬಿ.ಕೆ.ಎಸ್. ಅಯ್ಯಂಗಾರ್; 2014ರಲ್ಲಿ ತೀರಿಕೊಂಡಾಗ ತೊಂಬತ್ತೈದು ವರ್ಷ. ಅವರಿಗಿದ್ದದ್ದು ಕ್ಯಾನ್ಸರಲ್ಲ, ಮತ್ತು ಕೃಷ್ಣಮಾಚಾರ್ಯರ ಕಟ್ಟುನಿಟ್ಟು ನಮ್ಮ ಮಕ್ಕಳಿಗೆ ಖಂಡಿತ ಬೇಡ. ಆದರೆ ಯೋಗದ ಊರೆಂದು ಎದೆಯುಬ್ಬಿಸಿ, 2022ರ ಯೋಗ ದಿನಕ್ಕೆ ಅರಮನೆಯ ಮುಂದೆ ಸಾವಿರಾರು ಜನ ಚಾಪೆ ಹಾಸಿದ ಊರಿನಲ್ಲಿ, ಬಳಲಿದ ಮಗುವಿನ ಮೈಯನ್ನು ಮತ್ತೆ ಕಟ್ಟುವುದು ಹೇಗೆಂದು ಕೇಳಿದರೆ ಎಲ್ಲರೂ ಕುರ್ಚಿ ತೋರಿಸುತ್ತಾರೆ.

ರಕ್ತದ ಕ್ಯಾನ್ಸರನ್ನೇ ಗೆದ್ದ ಉದಾಹರಣೆ ಬೇಕೆಂದರೆ ಅದೂ ಇದೆ. ಹಾಲೆಂಡಿನ ಮಾರ್ಟೆನ್ ವಾನ್ ಡೆರ್ ವೈಡೆನ್‌ಗೆ 2001ರಲ್ಲಿ ಈ ಕಾಯಿಲೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಹತ್ತು ಕಿಲೋಮೀಟರ್ ಈಜಿ ಚಿನ್ನ. ಜಪಾನಿನ ಈಜುಗಾರ್ತಿ ರಿಕಾಕೊ ಇಕೀಗೆ 2019ರಲ್ಲಿ ಕಾಯಿಲೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಮತ್ತೆ ಕೊಳಕ್ಕಿಳಿದಳು. ನನ್ನ ಹುಡುಗಿಗೆ ಒಲಿಂಪಿಕ್ಸ್ ಬೇಕಿಲ್ಲ. ಕುಂಟೆಬಿಲ್ಲೆ ಬೇಕು. ಕುಂಟೆಬಿಲ್ಲೆ ನೋಡಿ, ಎಂಥ ಆಟ! ಒಂದು ಕಾಲಿನ ಮೇಲೆ ನಿಲ್ಲಬೇಕು, ಹಾರಬೇಕು, ಬಗ್ಗಿ ಬಿಲ್ಲೆ ಎತ್ತಬೇಕು, ಗೆರೆ ತುಳಿಯಬಾರದು. ಫಿಸಿಯೋಥೆರಪಿಯವರು ದುಡ್ಡು ತೆಗೆದುಕೊಂಡು ಮಾಡಿಸುವ ಪಾದ, ತೊಡೆ, ಸಮತೋಲನದ ಅಭ್ಯಾಸವೆಲ್ಲ ಆ ಎಂಟು ಮನೆಯೊಳಗಿದೆ. ಲಗೋರಿ, ಹಗ್ಗದಾಟ, ಮುಟ್ಟಾಟ ಎಲ್ಲವೂ ಹಾಗೆಯೇ. ಸುಸ್ತಾದರೆ ಮಗು ತಾನೇ ಕೂರುತ್ತದೆ; ಅದಕ್ಕೆ ಹೇಳಿಕೊಡಬೇಕಾಗಿಲ್ಲ.

ಪಿ.ಟಿ. ಮೇಷ್ಟರು ಕೇಳಿದ ಬರವಣಿಗೆಗಾಗಿ ನಾನೇ ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದು, ಕೆಳಗೆ ಜಾಗ ಬಿಟ್ಟು, ತಾಯಿಯ ಕೈಲಿ ಡಾಕ್ಟರಿಗೆ ಕಳಿಸಿದೆ. ಈಗ ಏನೇನು ಆಡಬಹುದು? ಯಾವುದು ಬೇಡ, ಎಷ್ಟು ದಿನದವರೆಗೆ? ಏನು ಕಂಡರೆ ನಿಲ್ಲಿಸಿ ಕಳಿಸಬೇಕು? ಮತ್ತೆ ಯಾವಾಗ ಕೇಳಬೇಕು? ಇಂಗ್ಲಿಷಿನಲ್ಲೂ ಬರೆದಿದ್ದೆ, ಕನ್ನಡದ್ದನ್ನು ಪಕ್ಕಕ್ಕಿಟ್ಟುಬಿಟ್ಟಾರೆಂದು. ಮುಂದಿನ ತಪಾಸಣೆಯಿಂದ ಹಾಳೆ ವಾಪಸು ಬಂತು. ಅವಸರದ ಅಕ್ಷರ: ನಡೆಯಲಿ, ಓಡಲಿ, ಹಗ್ಗದಾಟ ಆಡಲಿ, ಕಬಡ್ಡಿ ಸದ್ಯ ಬೇಡ, ಸೊಂಟ ನೋವೆಂದರೆ, ಜ್ವರವೆಂದರೆ ಕಳಿಸಿ, ಮೂರು ತಿಂಗಳಿಗೆ ಮತ್ತೆ ಕೇಳಿ. ಕೆಳಗೆ ಸಹಿ, ಮೊಹರು. ಬರೆಯಲು ಎರಡು ನಿಮಿಷ ಹಿಡಿದಿರಬಹುದು. ಹೆಡ್‌ಮಿಸ್ ಅದನ್ನು ಎರಡು ಸಲ ಓದಿ, ಜೆರಾಕ್ಸ್ ಮಾಡಿಸಿ, ಒಂದನ್ನು ಹಾಜರಿ ಪುಸ್ತಕಕ್ಕೆ ಪಿನ್ ಹೊಡೆದರು.

ಇಂಥ ಹಾಳೆಯೊಂದು ಚಿಕಿತ್ಸೆಯ ಫೈಲಿನ ಕೊನೆಯ ಪುಟವಾಗಿ ತಾನಾಗಿಯೇ ಬರಬೇಕು. ಮೇಷ್ಟರೊಬ್ಬರು ಹಠ ಹಿಡಿದು ಕೇಳಿದ ಮಗುವಿಗೆ ಮಾತ್ರ ಅಲ್ಲ. ಆಸ್ಪತ್ರೆಗಳವರಿಗೆ, ಶಿಕ್ಷಣ ಇಲಾಖೆಯವರಿಗೆ ನನ್ನ ಒತ್ತಾಯ ಇಷ್ಟೆ. ಅಲ್ಲಿಯವರೆಗೆ ಆ ನಾಲ್ಕು ಪ್ರಶ್ನೆಗಳನ್ನು ಯಾರು ಬೇಕಾದರೂ ಇಲ್ಲಿಂದ ನಕಲು ಮಾಡಿಕೊಳ್ಳಬಹುದು.